60 ಸಾವಿರದಲ್ಲಿ ಕ್ಯಾಮೆರಾ, ಲೆನ್ಸ್, ಎಡಿಟಿಂಗ್: ಬಳಸಿದವರು ಹೇಳಿ

ನವನಗರ ಮಾಸ್ತರ, ಬಾಗಲಕೋಟೆ
ಎಲ್ಲರಿಗೂ ನಮಸ್ಕಾರ. ಇಷ್ಟು ದಿನ ಮೊಬೈಲ್‌ನಲ್ಲೇ ತೆಗೆಯುತ್ತಿದ್ದೆ. ಚಳಿಗಾಲದಲ್ಲಿ ಆಲಮಟ್ಟಿ ಹಿನ್ನೀರಿಗೆ ಬರುವ ಪಟ್ಟೆತಲೆ ಹೆಬ್ಬಾತು, ಆಮೇಲೆ ಬಾದಾಮಿ, ಪಟ್ಟದಕಲ್ಲು. ಇಷ್ಟೇ ನನ್ನ ಆಸೆ. ಕೈಯಲ್ಲಿ 60 ಸಾವಿರ ಇದೆ. ಹೊಸದು ತಗೊಳ್ಳಲಾ, ಸೆಕೆಂಡ್ ಹ್ಯಾಂಡ್ ತಗೊಳ್ಳಲಾ? 8 ಜಿಬಿ ರ‍್ಯಾಮ್‌ನ ಹಳೇ ಲ್ಯಾಪ್‌ಟಾಪ್‌ನಲ್ಲಿ ಎಡಿಟಿಂಗ್ ಆಗುತ್ತಾ?

ಗುಮ್ಮಟದ ನೆರಳು, ವಿಜಯಪುರ
ಸೆಕೆಂಡ್ ಹ್ಯಾಂಡ್ ಅಂದರೆ ನನಗೆ ಇನ್ನೂ ಹೊಟ್ಟೆ ಉರಿಯುತ್ತದೆ ಸರ್. ನನ್ನದು ನಿಕಾನ್ ಡಿ5600 ಕ್ಯಾಮೆರಾ. ಇಬ್ರಾಹಿಂ ರೋಜಾದ ಜಾಲಂಧ್ರದ ಅಕ್ಷರಗಳನ್ನು ತೆಗೆಯಬೇಕು ಅಂತ 50 ಎಂಎಂ 1.8 ಡಿ ಲೆನ್ಸ್ ತಗೊಂಡೆ. 7,500 ರೂಪಾಯಿ. ಮಾರಿದವನು ತನ್ನ ಡಿ7200 ಕ್ಯಾಮೆರಾಗೆ ಹಾಕಿ ತೋರಿಸಿದ. ಗರ್ ಅಂತ ತಿರುಗಿ ಫೋಕಸ್ ಆಯ್ತು. ಮನೆಗೆ ಬಂದು ನನ್ನ ಕ್ಯಾಮೆರಾಗೆ ಹಾಕಿದರೆ ಸದ್ದೇ ಇಲ್ಲ. ಡಿ5600 ಬಾಡಿಯಲ್ಲಿ (ಲೆನ್ಸ್ ಬಿಟ್ಟು ಉಳಿದ ಕ್ಯಾಮೆರಾದಲ್ಲಿ) ಫೋಕಸ್ ಮೋಟಾರ್ ಇಲ್ಲ, ಆ ಲೆನ್ಸ್‌ನಲ್ಲೂ ಇಲ್ಲ. ‘ಡಿ’ ಬದಲು ಮೋಟಾರ್ ಇರುವ ‘ಜಿ’ 50 ಎಂಎಂ ತಗೊಂಡಿದ್ದರೆ ಆಗುತ್ತಿತ್ತು. ಒಂದು ಅಕ್ಷರದ ವ್ಯತ್ಯಾಸ! ಮರುದಿನ ಫೋನ್ ಮಾಡಿದೆ, ಎತ್ತಲಿಲ್ಲ. ಎರಡು ಸಲ ಮನೆಗೆ ಹೋದೆ. ಕೊನೆಗೆ 4,000ಕ್ಕೆ ಬೇರೆಯವರಿಗೆ ಕೊಟ್ಟೆ, ಈ ವಿಷಯ ಮುಂಚೆನೇ ಹೇಳಿ ಕೊಟ್ಟೆ. 3,500 ಹೋಯ್ತು, ಎರಡು ಬಸ್ ಚಾರ್ಜ್ ಬೇರೆ. ನಿಮ್ಮ ಸ್ವಂತ ಕ್ಯಾಮೆರಾಗೆ ಹಾಕಿ ನೋಡದೆ ಒಂದು ರೂಪಾಯಿ ಕೊಡಬೇಡಿ.

ಟಿಳಕವಾಡಿ ಅಕ್ಕ, ಬೆಳಗಾವಿ
ಬಾಡಿ, ಲೆನ್ಸ್ ಎಲ್ಲ ಆಮೇಲೆ. ಮೊದಲು ತೇವ ಹಿಡಿಯದಂತೆ ಕಾಯುವ ಡ್ರೈ ಕ್ಯಾಬಿನೆಟ್ ತಗೊಳ್ಳಿ. ನಮ್ಮ ಕಡೆ ಜೂನ್‌ನಲ್ಲಿ ಹಿಡಿದ ಮಳೆ ಸೆಪ್ಟೆಂಬರ್‌ವರೆಗೂ ಬಿಡುವುದಿಲ್ಲ. 17-50 ಲೆನ್ಸನ್ನು ಮೆತ್ತನೆ ಬಟ್ಟೆಯಲ್ಲಿ ಸುತ್ತಿ, ಚರ್ಮದ ಚೀಲಕ್ಕೆ ಹಾಕಿ, ಕಪಾಟಿನಲ್ಲಿ ಸೀರೆಗಳ ನಡುವೆ ಇಟ್ಟಿದ್ದೆ. ಜೋಪಾನ ಮಾಡಿದ್ದೇನೆ ಅಂದುಕೊಂಡಿದ್ದೆ. ದಸರೆಗೆ ತೆಗೆದು ಮೊಬೈಲ್ ಟಾರ್ಚ್ ಹಿಡಿದು ನೋಡಿದರೆ ಗಾಜಿನ ಒಳಗೆ ಜೇಡರ ಬಲೆಯ ಹಾಗೆ ಬಿಳಿ ಎಳೆಗಳು. ಫಂಗಸ್. ಆ ದಿನ ಊಟ ಸೇರಲಿಲ್ಲ ನನಗೆ.

ಪುಣೆಗೆ ಕಳಿಸಿದೆ. ಕೊರಿಯರ್ 340, ಕ್ಲೀನಿಂಗ್ 2,800, ವಾಪಸ್ ಬರಲು 23 ದಿನ. ಎಳೆ ಹೋಯ್ತು, ಆದರೆ ಫಂಗಸ್ ಗಾಜಿನ ಮೇಲಿನ ಕೋಟಿಂಗನ್ನೇ ತಿಂದಿತ್ತು. ಈಗಲೂ ಬೆಳಕಿಗೆ ಎದುರಾಗಿ ತೆಗೆದರೆ ಹಾಲು ಚೆಲ್ಲಿದ ಹಾಗೆ ಬರುತ್ತದೆ. 6,500 ಕೊಟ್ಟು ಕ್ಯಾಬಿನೆಟ್ ತಂದೆ, ತೇವಾಂಶ ಶೇ 45ಕ್ಕೆ ಇಟ್ಟಿದ್ದೇನೆ. ನಾಲ್ಕು ಮಳೆಗಾಲ ಆಯ್ತು, ಒಂದು ಚುಕ್ಕೆ ಇಲ್ಲ.

ಮಲಪ್ರಭಾ ದಂಡೆ, ಬಾದಾಮಿ
ಅಕ್ಕಾರ, ಅದು ನಿಮ್ಮ ಬೆಳಗಾವಿಯ ಮಾತು. ಬಾಗಲಕೋಟೆಯಲ್ಲಿ ಫಂಗಸ್ ಎಲ್ಲಿಂದ ಬರಬೇಕು? 60 ಸಾವಿರದಲ್ಲಿ 6,500 ಪೆಟ್ಟಿಗೆಗೇ ಹಾಕಿಸಿದರೆ ಮಾಸ್ತರು ಲೆನ್ಸ್ ಯಾವುದರಲ್ಲಿ ತಗೋಬೇಕು? ಗಟ್ಟಿ ಮುಚ್ಚಳದ ಡಬ್ಬಿ, ಒಂದು ಹಿಡಿ ಸಿಲಿಕಾ ಜೆಲ್. ನೀಲಿ ಹರಳು ಗುಲಾಬಿ ಆದರೆ ಹಂಚಿನ ಮೇಲೆ ಹಾಕಿ ಒಣಗಿಸಿ. 200 ರೂಪಾಯಿ ಕೆಲಸ.

ನಮ್ಮ ಕಡೆ ಶತ್ರು ಅಂದರೆ ಧೂಳು. ಪಟ್ಟದಕಲ್ಲಿನಲ್ಲಿ ವಿರೂಪಾಕ್ಷ ಗುಡಿ ಎದುರು ಗಾಳಿಯಲ್ಲೇ ಲೆನ್ಸ್ ಬದಲಿಸಿದೆ. ಒಳಗಿನ ಸೆನ್ಸರ್ ಮೇಲೆ ಧೂಳು ಕೂತು, ಫೋಟೋದಲ್ಲಿ ಆಕಾಶದ ತುಂಬ ಕಪ್ಪು ಚುಕ್ಕೆ. ಲೆನ್ಸಿನ ತೂತು ಅಗಲ ಇರುವ ಎಫ್ 4ರಲ್ಲಿ ಕಾಣುವುದಿಲ್ಲ, ತೂತು ಸಣ್ಣ ಮಾಡಿ ಎಫ್ 11, 16ಕ್ಕೆ ಹೋದರೆ ಕುಂಕುಮ ಉದುರಿದ ಹಾಗೆ. ಬಾಯಿಂದ ಊದಿದೆ. ಅದೇ ನನ್ನ ದೊಡ್ಡ ತಪ್ಪು. ಉಗುಳಿನ ಹನಿ ಸೆನ್ಸರ್ ಮೇಲೆ ಕೂತು ಒಣಗಿತು. ಹುಬ್ಬಳ್ಳಿಗೆ ಎರಡು ಸಲ ಹೋದೆ. ಮೊದಲನೇ ಸಲ 1,500 ತಗೊಂಡು ಕಲೆ ಹಾಗೇ ಬಿಟ್ಟರು, ಬೇರೆ ಕಡೆ ಇನ್ನೊಂದು 1,200. ಗಾಳಿ ಊದುವ ರಬ್ಬರ್ ಬ್ಲೋವರ್ 250ಕ್ಕೆ ಸಿಗುತ್ತದೆ.

ಟಿಳಕವಾಡಿ ಅಕ್ಕ, ಬೆಳಗಾವಿ
ಹಂಚಿನ ಮೇಲೆ ಒಣಗಿಸುವುದನ್ನು ಯಾರು ನೆನಪಿಡುತ್ತಾರೆ? ಎರಡು ವಾರ ಮರೆತರೆ ಸಾಕು. ಲೆನ್ಸ್ ಕಳೆದುಕೊಂಡವಳು ನಾನು.

ಬನದ ಹುಣ್ಣಿಮೆ, ಕೆರೂರು
ನೀವಿಬ್ಬರೂ ಪೆಟ್ಟಿಗೆ ಬಗ್ಗೆ ಜಗಳ ಮಾಡ್ತೀರಿ. ಫೋಟೋ ಎಲ್ಲಿ ಇಡೋದು ಅಂತ ಯಾರೂ ಹೇಳುವುದಿಲ್ಲ. 24 ಮೆಗಾಪಿಕ್ಸೆಲ್ ಬಾಡಿಯ ಒಂದೊಂದು ರಾ ಫೈಲ್ (ಕ್ಯಾಮೆರಾ ಏನೂ ತಿದ್ದದೆ ಕೊಡುವ ಫೋಟೋ) 25-30 ಎಂಬಿ. ಒಂದು ಜಾತ್ರೆಗೆ 800 ಕ್ಲಿಕ್ ಅಂದರೆ 20 ಜಿಬಿ ದಾಟಿತು. ಬನಶಂಕರಿ ತೇರು ಮೂರು ವರ್ಷ ತೆಗೆದಿದ್ದೆ. ಎಲ್ಲ ಒಂದೇ 2 ಟಿಬಿ ಹಾರ್ಡ್ ಡಿಸ್ಕ್‌ನಲ್ಲಿ. ಮೊಣಕಾಲಿನಷ್ಟು ಎತ್ತರದ ಮೇಜಿನಿಂದ ಬಿತ್ತು, ಅಷ್ಟೇ. ಆಮೇಲೆ ಟಿಕ್ ಟಿಕ್ ಶಬ್ದ ಮಾತ್ರ. ರಿಕವರಿಗೆ 18,000 ಹೇಳಿದರು, ಗ್ಯಾರಂಟಿ ಇಲ್ಲ ಅಂದರು. ಕೊಡಲಿಲ್ಲ. ನಮ್ಮ ಅಜ್ಜಿ ತೇರಿಗೆ ಉತ್ತತ್ತಿ ಎಸೆಯುವ ಫೋಟೋ ಅದರಲ್ಲೇ ಇತ್ತು. ಮುಂದಿನ ಜಾತ್ರೆಗೆ ಅಜ್ಜಿ ಇರಲಿಲ್ಲ. ಡಿಸ್ಕ್ ಇನ್ನೂ ಟ್ರಂಕಿನಲ್ಲಿದೆ.

ಈಗ ಎರಡು ಡಿಸ್ಕ್. ಒಂದು ನನ್ನ ಹತ್ತಿರ, ಇನ್ನೊಂದು ಅಕ್ಕನ ಮನೆಯಲ್ಲಿ. ಎರಡರಲ್ಲೂ ಕಾಪಿ ಆಗುವವರೆಗೆ ಕಾರ್ಡ್ ಅಳಿಸುವುದಿಲ್ಲ.

ಸ್ಟುಡಿಯೋ ಬೆಳಕು, ಜಮಖಂಡಿ
ರಾ ಫೈಲ್ ಲೆಕ್ಕ ಹೇಳಿ ಹೊಸಬರನ್ನು ಹೆದರಿಸಬೇಡಿ. ಹನ್ನೆರಡು ವರ್ಷದಿಂದ, ಕ್ಯಾಮೆರಾನೇ ತಿದ್ದಿ ಕೊಡುವ ಜೆಪೆಗ್‌ನಲ್ಲೇ ತೆಗೆದಿದ್ದೇನೆ. ಬೆಳಕು ಸರಿ ನೋಡಿದರೆ ಎಡಿಟಿಂಗ್ ಯಾಕೆ ಬೇಕು? ಸುಮ್ನೆ ಕಂಪ್ಯೂಟರ್ ಮುಂದೆ ರಾತ್ರಿ ಕಳೆಯೋದು. ಬಾದಾಮಿ ಕಲ್ಲನ್ನು ಎಲ್ಲರೂ ಕೇಸರಿ ಮಾಡಿ ಹಾಕ್ತಾರೆ. ಆ ಕಲ್ಲು ಇಟ್ಟಿಗೆ ಕೆಂಪು, ಕೇಸರಿ ಅಲ್ಲ.

ಮಲಪ್ರಭಾ ದಂಡೆ, ಬಾದಾಮಿ
ಮೂರನೇ ಗುಹೆಗೆ ಹೋಗಿದ್ದೀರಾ ಯಾವತ್ತಾದರೂ? 578ರ ಶಾಸನ ಇರುವ ಗುಹೆ. ಹೊರಗೆ ಕಣ್ಣು ಕುಕ್ಕುವ ಬಿಸಿಲು, ಒಳಗೆ ಕತ್ತಲು. ಫ್ಲ್ಯಾಶ್ ಹಾಕುವ ಹಾಗಿಲ್ಲ, ಅನುಮತಿ ಇಲ್ಲದೆ ಟ್ರೈಪಾಡ್ ಇಡುವ ಹಾಗಿಲ್ಲ. ಜೆಪೆಗ್ ಅಂದರೆ 8 ಬಿಟ್, ಬಣ್ಣದ ಹಂತಗಳು ಕಡಿಮೆ. ನೆರಳು ಎತ್ತಿದರೆ ವಿಷ್ಣುವಿನ ಮುಖ ಹಸಿರು ಹಸಿರು. 14 ಬಿಟ್ ರಾದಲ್ಲಿ ಎರಡು ಸ್ಟಾಪ್ (ನಾಲ್ಕು ಪಟ್ಟು ಬೆಳಕು) ಎತ್ತಿದರೂ ಕಲ್ಲು ಕಲ್ಲಾಗಿಯೇ ಇರುತ್ತದೆ. ಕೇಸರಿ ಮಾಡುವುದು ಕೈಯ ತಪ್ಪು, ರಾ ತಪ್ಪಲ್ಲ.

ಸ್ಟುಡಿಯೋ ಬೆಳಕು, ಜಮಖಂಡಿ
ಬಾದಾಮಿ ನಿಮ್ಮೊಬ್ಬರ ಮನೆ ಅಲ್ಲ. ನೀವು ಹುಟ್ಟುವ ಮೊದಲಿಂದ ನಾನು ಅಗಸ್ತ್ಯ ತೀರ್ಥದ ಮೆಟ್ಟಿಲ ಮೇಲೆ ಕೂತು ಫಿಲಂನಲ್ಲಿ ತೆಗೆದವನು. ಸ್ಲೈಡ್ ಫಿಲಂನಲ್ಲಿ ಅರ್ಧ ಸ್ಟಾಪ್ ತಪ್ಪಿದರೂ ಫೋಟೋ ಹಾಳು. ಆ ಶಿಸ್ತು ನಿಮಗೆ ಗೊತ್ತಿಲ್ಲ.

ಹಿನ್ನೀರ ಹಾದಿ, ಬೀಳಗಿ
ಹಕ್ಕಿ ಬಗ್ಗೆ ಹೇಳ್ತೀನಿ. 70-300 ಎಂಎಂ ಲೆನ್ಸ್‌ನಲ್ಲಿ ಎರಡು ಚಳಿಗಾಲ ಕಳೆದೆ. ಹೆಬ್ಬಾತು ಅಂದರೆ ಅಕ್ಕಿಕಾಳಿನಷ್ಟು. ಆಮೇಲೆ ಇನ್ನೂ ಹತ್ತಿರಕ್ಕೆ ಎಳೆಯುವ 150-600 ಹಳೇದು 58,000ಕ್ಕೆ ತಗೊಂಡೆ, ಹನ್ನೆರಡು ಕಂತು. ಎರಡು ಕೆಜಿ ಭಾರ. ಆದರೂ ಮೊದಲ ತಿಂಗಳು ಒಂದೂ ಶಾರ್ಪ್ ಇಲ್ಲ. ಲೆನ್ಸ್ ಕೆಟ್ಟಿದೆ ಅಂತ ಸರ್ವಿಸ್‌ಗೆ ಕೊಟ್ಟು 900 ಕಳೆದೆ. ಕೆಟ್ಟಿದ್ದು ಲೆನ್ಸ್ ಅಲ್ಲ. ಒಂಬತ್ತು ಗಂಟೆ ದಾಟಿದರೆ ಕೆಸರಿನ ಮೇಲೆ ಬಿಸಿ ಗಾಳಿ ನಡುಗುತ್ತದೆ, ಅದರ ಆಚೆ ಇರುವ ಹಕ್ಕಿ ಶಾರ್ಪ್ ಬರುವುದೇ ಇಲ್ಲ. ಈಗ ಆರೂವರೆಗೆ ಹೋಗಿ ಎಂಟೂವರೆಗೆ ವಾಪಸ್. ಕಡಲೆ ಹೊಲದ ಬದುವಿನಲ್ಲಿ ಹೊಟ್ಟೆ ಮೇಲೆ ಮಲಗಿ ತೆಗೆಯುತ್ತೇನೆ. ಹಾರುವ ಫೋಟೋ ಬೇಕಾದರೆ ಗೆಳೆಯ ಆ ಕಡೆಯಿಂದ ನಡೆದು ಬರುತ್ತಾನೆ, ಎಲ್ಲ ಒಟ್ಟಿಗೆ ಏಳುತ್ತವೆ.

ಬನದ ಹುಣ್ಣಿಮೆ, ಕೆರೂರು
ಎಬ್ಬಿಸುತ್ತೀರಾ? ಮಂಗೋಲಿಯಾ, ಟಿಬೆಟ್‌ನಿಂದ ಹಿಮಾಲಯ ದಾಟಿ ಬಂದ ಹಕ್ಕಿ ಅದು. ತಿಂದು ಮೈ ತುಂಬಿಸಿಕೊಂಡು ಮತ್ತೆ ಅಷ್ಟೇ ದೂರ ಹಾರಬೇಕು. ನಿಮ್ಮ ಒಂದು ಫೋಟೋಗೆ ಇನ್ನೂರು ಹಕ್ಕಿ ಮೇವು ಬಿಡಬೇಕಾ?

ಹಿನ್ನೀರ ಹಾದಿ, ಬೀಳಗಿ
ಬೆಳೆ ತಿನ್ನುತ್ತವೆ ಅಂತ ರೈತರೇ ದಿನಾ ಎಬ್ಬಿಸುತ್ತಾರೆ.

ಬನದ ಹುಣ್ಣಿಮೆ, ಕೆರೂರು
ರೈತರಿಗೆ ಹೊಲ ಇದೆ, ಹೊಟ್ಟೆ ಪಾಡು ಇದೆ. ನಿಮಗೇನಿದೆ?

ನವನಗರ ಮಾಸ್ತರ, ಬಾಗಲಕೋಟೆ
ದಯವಿಟ್ಟು ಜಗಳ ಬೇಡ. ಲ್ಯಾಪ್‌ಟಾಪ್ ಸಾಕಾ ಅಂತ ಯಾರಾದರೂ ಹೇಳ್ತೀರಾ?

ಗುಮ್ಮಟದ ನೆರಳು, ವಿಜಯಪುರ
ಸಾಕು ಸರ್. 8 ಜಿಬಿಯಲ್ಲೇ ನಾನು ಡಾರ್ಕ್‌ಟೇಬಲ್ ಅನ್ನೋ ಎಡಿಟಿಂಗ್ ಸಾಫ್ಟ್‌ವೇರ್ ನಡೆಸುತ್ತೇನೆ, ಉಚಿತ. ನಾಯ್ಸ್ (ಫೋಟೋದಲ್ಲಿ ಕಾಣುವ ಕಾಳು ಕಾಳು) ತೆಗೆಯುವಾಗ ಮಾತ್ರ ನಿಧಾನ, ಒಂದು ಫೋಟೋ ಎಕ್ಸ್‌ಪೋರ್ಟ್‌ಗೆ ಅರ್ಧ ನಿಮಿಷ. ಭಾನುವಾರ ಗೋಳಗುಮ್ಮಟದ ಹತ್ತಿರ ಇರುತ್ತೇನೆ. ಕೊಳ್ಳುವ ಬಾಡಿ ತಗೊಂಡು ಬನ್ನಿ, ನನ್ನ ಹತ್ತಿರ ಮೂರು ಲೆನ್ಸ್ ಇವೆ, ನಿಕಾನ್ ಆದರೆ ಹಾಕಿ ನೋಡೋಣ. ಮಾರುವವನನ್ನೂ ಕರೆದುಕೊಂಡೇ ಬನ್ನಿ.