ಚೀನಾದ ಮಹಿಳೆಯರಲ್ಲಿ ಸ್ತನ ಕ್ಯಾನ್ಸರ್: ಜೀನೋ, ಒಂದೇ ಮಗುವೋ, ಸೋಯಾವೋ?

ಹೊನ್ನೆಮರ (ಪ್ರಶ್ನೆ):
ಸಾರ್ವಜನಿಕ ಆರೋಗ್ಯದ ಸೆಮಿನಾರಿಗೆ ಬೇಕಿತ್ತು. ಚೀನಾದಲ್ಲಿ ಈ ಕಾಯಿಲೆ ಹೆಚ್ಚಾಗಿ 45–55ರ ನಡುವೆ, ಪಶ್ಚಿಮ ದೇಶಗಳಿಗಿಂತ ಸುಮಾರು ಹತ್ತು ವರ್ಷ ಮೊದಲೇ ಕಾಣಿಸುತ್ತದಂತೆ. ಜೀನ್ ಕಾರಣವೇ, ಒಂದೇ ಮಗು ನೀತಿಯೇ? ಸೋಯಾ ಒಳ್ಳೆಯದೋ ಕೆಟ್ಟದ್ದೋ?

ಸೀತಾನದಿ:
ಜೀನ್‌ನಿಂದ ಶುರು ಮಾಡಬೇಡಿ. ಅಮೆರಿಕಕ್ಕೆ ವಲಸೆ ಹೋದ ಚೀನೀ ಕುಟುಂಬಗಳಲ್ಲಿ ತಲೆಮಾರು ದಾಟಿದಂತೆ ಅಪಾಯ ಏರಿದೆ. ಜೀನ್ ಅಷ್ಟು ಬೇಗ ಬದಲಾಗದು.

45–55 ಎಂಬುದನ್ನೂ ಎಚ್ಚರದಿಂದ ಓದಿ. 1930ರ ದಶಕದಲ್ಲಿ ಹುಟ್ಟಿದವರು ನಾಲ್ಕೈದು ಹೆತ್ತು ವರ್ಷಗಟ್ಟಲೆ ಹಾಲೂಡಿಸಿದವರು. 1960ರ ಆಸುಪಾಸು ಹುಟ್ಟಿದ ಪಟ್ಟಣದವರಿಗೆ ಒಂದೇ ಮಗು. ಒಂದೇ ವರ್ಷದ ಅಂಕಿ ತೆಗೆದರೆ ಇಬ್ಬರೂ ಒಟ್ಟಿಗೆ ಸಿಗುತ್ತಾರೆ. ಹೆರಿಗೆ, ಹಾಲೂಡಿಕೆ ಎರಡೂ ಅಪಾಯ ಇಳಿಸುತ್ತವೆ; ಹಾಗಾಗಿ ಅಜ್ಜಿಯರ ಅಪಾಯ ಕಡಿಮೆ ಇರುವುದರಿಂದಲೇ ನಡುವಯಸ್ಸು ಎದ್ದು ಕಾಣುತ್ತದೆ. ಹುಟ್ಟಿದ ದಶಕದ ಪ್ರಕಾರ ವಿಂಗಡಿಸಿಯೇ ಗ್ರಾಫ್ ಹಾಕಿ.

ಗಣಕಪ್ರಿಯ:
ಲೆಕ್ಕ ಬೇಕಿದ್ದರೆ 30 ದೇಶಗಳ 47 ಅಧ್ಯಯನಗಳನ್ನು ಒಟ್ಟುಗೂಡಿಸಿದ 2002ರ ವಿಶ್ಲೇಷಣೆ ಹಿಡಿಯಿರಿ. ಪ್ರತಿ ಹೆರಿಗೆಗೆ ಅಪಾಯ 7%, ಹಾಲೂಡಿಸಿದ ಪ್ರತಿ 12 ತಿಂಗಳಿಗೆ 4.3% ಇಳಿಯುತ್ತದೆ. ಎಲ್ಲರೂ ಎಡವುವುದು ಇಲ್ಲೇ: ಇವನ್ನು ಕೂಡಬಾರದು, ಗುಣಿಸಬೇಕು. ನಾಲ್ಕು ಹೆತ್ತು ಆರು ವರ್ಷ ಹಾಲೂಡಿಸಿದವಳನ್ನು, ಒಂದು ಹೆತ್ತು ಒಂದು ವರ್ಷ ಹಾಲೂಡಿಸಿದವಳ ಜೊತೆ ಹೋಲಿಸಿ: 7% ಇಳಿದರೆ ಉಳಿಯುವುದು 0.93, 4.3% ಇಳಿದರೆ 0.957. ಹೆಚ್ಚಿನ ಮೂರು ಹೆರಿಗೆಗೆ 0.93 ಮೂರು ಸಲ, ಹೆಚ್ಚಿನ ಐದು ವರ್ಷಕ್ಕೆ 0.957 ಐದು ಸಲ. ಉತ್ತರ ಸುಮಾರು 0.65, ಅಂದರೆ 35% ಕಡಿಮೆ. ಕೂಡಿದರೆ 42.5% ಬಂದು ತಪ್ಪಾಗುತ್ತದೆ.

ಇದು ತುಲನಾತ್ಮಕ ಅಪಾಯ ಮಾತ್ರ, ಅಂದರೆ ಒಬ್ಬಳಿಗೆ ಹೋಲಿಸಿದರೆ ಇನ್ನೊಬ್ಬಳಿಗೆ ಎಷ್ಟು ಎಂಬುದಷ್ಟೇ. ಮೈನೆರೆದ ವಯಸ್ಸು, ಮೊದಲ ಹೆರಿಗೆಯ ವಯಸ್ಸು ಬೇರೆಯಾಗಿ ಸೇರಬೇಕು.

ಕೆಂಡಸಂಪಿಗೆ:
ತೂಕದ ವಿಷಯದಲ್ಲಿ ಮುಟ್ಟು ನಿಂತವರನ್ನೂ ನಿಲ್ಲದವರನ್ನೂ ಬೆರೆಸಲೇಬೇಡಿ. ಮುಟ್ಟು ನಿಂತ ಮೇಲೆ ಕೊಬ್ಬಿನಲ್ಲಿರುವ ಅರೋಮಟೇಸ್ ಎಂಬ ಕಿಣ್ವ ಈಸ್ಟ್ರೋಜೆನ್ ಎಂಬ ಹೆಣ್ಣು ಹಾರ್ಮೋನನ್ನು ತಯಾರಿಸುತ್ತದೆ, ಹಾಗಾಗಿ ತೂಕ ಹೆಚ್ಚಿದ್ದರೆ ಅಪಾಯ ಏರುತ್ತದೆ. ಅದಕ್ಕೂ ಮೊದಲು ಸಂಬಂಧ ಹಾಗಿಲ್ಲ, ಹಲವು ಅಧ್ಯಯನಗಳಲ್ಲಿ ತಿರುಗುಮುರುಗು: ತೂಕ ಹೆಚ್ಚಿದ್ದವರಿಗೇ ಅಪಾಯ ಕಡಿಮೆ. ಬೆರೆಸಿದರೆ ಒಂದನ್ನೊಂದು ಅಳಿಸಿಬಿಡುತ್ತವೆ. ಬಿಎಂಐ (ಎತ್ತರಕ್ಕೆ ತಕ್ಕ ತೂಕದ ಅಳತೆ) ಗಡಿಯೂ ಚೀನಾದ್ದೇ ಇರಲಿ: 24 ಮುಟ್ಟಿದರೆ ಅಧಿಕ ತೂಕ, 28 ಮುಟ್ಟಿದರೆ ಬೊಜ್ಜು.

ಸೋಯಾಕ್ಕೆ ಹೆದರುವ ಕಾರಣವಿಲ್ಲ. ಶಾಂಘೈನ ಸುಮಾರು 75,000 ಮಹಿಳೆಯರ ಅಧ್ಯಯನದಲ್ಲಿ ಹದಿಹರೆಯದಿಂದಲೂ ಹೆಚ್ಚು ಸೋಯಾ ತಿಂದವರಿಗೆ, ಮುಟ್ಟು ನಿಲ್ಲುವ ಮುಂಚಿನ ಕ್ಯಾನ್ಸರ್ ಕಡಿಮೆ ಕಂಡಿತು. ಅದು ತೋಫು, ಸೋಯಾ ಹಾಲಿನ ಮಾತು. ಐಸೋಫ್ಲೇವೋನ್ (ಸೋಯಾದಲ್ಲಿರುವ, ಈಸ್ಟ್ರೋಜೆನ್‌ನಂಥ ಅಂಶ) ಮಾತ್ರೆಗೆ ಅದನ್ನು ಅನ್ವಯಿಸಬೇಡಿ.

ಹೊನ್ನೆಮರ:
ಉಪಕಾರ. ತಡೆಗೆ ಸ್ವಯಂ ಸ್ತನ ಪರೀಕ್ಷೆ ಎಂದು ಬರೆಯಬಹುದೇ?

ಸೀತಾನದಿ:
ಬೇಡ. ಶಾಂಘೈನ ಜವಳಿ ಕಾರ್ಖಾನೆಗಳ 2,66,064 ಮಹಿಳೆಯರ ಪ್ರಯೋಗದಲ್ಲಿ ಅದನ್ನು ಕಲಿಸಿದ್ದರಿಂದ ಸಾವು ಇಳಿಯಲಿಲ್ಲ, ನಿರುಪದ್ರವಿ ಗಂಟುಗಳ ಬಯಾಪ್ಸಿ (ತುಣುಕು ತೆಗೆದು ಪರೀಕ್ಷಿಸುವುದು) ಮಾತ್ರ ಹೆಚ್ಚಿತು. ಹೊಸ ಗಂಟು ಕಂಡವರು ತಡಮಾಡದೆ ತೋರಿಸಬೇಕು, ಅದು ಬೇರೆ ಮಾತು. ಸ್ತನ ದಟ್ಟವಾಗಿದ್ದರೆ (ಕೊಬ್ಬು ಕಡಿಮೆ, ಗ್ರಂಥಿ ಹೆಚ್ಚು) ಮ್ಯಾಮೊಗ್ರಾಂನಲ್ಲಿ, ಅಂದರೆ ಸ್ತನದ ಎಕ್ಸ್‌ರೇಯಲ್ಲಿ, ಗಂಟು ಮರೆಯಾಗಬಹುದು. ಅಂಥವರಿಗೆ ಅಲ್ಟ್ರಾಸೌಂಡ್ ಕೂಡ ಬೇಕಾಗಬಹುದು.