ಓಪನ್‌ಆಫೀಸ್ 4.1, ಲಿಬ್ರೆಆಫೀಸ್ 7.3, ಆಮೇಲೆ 24.2: ಇದ್ರಲ್ಲಿ ಯಾವ್ದು ಹೊಸದು?

ಪ್ರಶ್ನೆ:
ನಮಸ್ಕಾರ, ಊರ ಲೈಬ್ರರಿ ಪುಸ್ತಕಗಳ ಪಟ್ಟಿ ಕನ್ನಡದಲ್ಲಿ ಟೈಪ್ ಮಾಡ್ತಾ ಇದೀವಿ, ಒಂದು ಕಂಪ್ಯೂಟರಲ್ಲಿ ವಿಂಡೋಸ್ ಮೇಲೆ ಉಚಿತ ಆಫೀಸ್ ಸಾಫ್ಟ್‌ವೇರ್ ಆದ ಓಪನ್‌ಆಫೀಸ್ 4.1.15, ಇನ್ನೊಂದ್ರಲ್ಲಿ ಉಬುಂಟು 22.04 (ಲಿನಕ್ಸ್), ಅದ್ರಲ್ಲಿ ಲಿಬ್ರೆಆಫೀಸ್ 7.3, ಹೊಸ ಲ್ಯಾಪ್‌ಟಾಪಲ್ಲಿ ಉಬುಂಟು 24.04, ಅಲ್ಲಿ ಲಿಬ್ರೆಆಫೀಸ್ 24.2 ಅಂತಿದೆ. 7 ಆದ್ಮೇಲೆ ಸೀದಾ 24ಕ್ಕೆ ಹಾರಿದ್ರಾ? ಸಾಲದ್ದಕ್ಕೆ ಪ್ಯಾಕೇಜ್ ಪಟ್ಟೀಲಿ 4:24.2.7 ಅಂತ ತೋರಿಸ್ತಿದೆ, ಆ 4 ಅಂದ್ರೆ ಒಳಗಿರೋದು ಓಪನ್‌ಆಫೀಸ್ 4 ಅಂತಲಾ? ವಿಂಡೋಸಲ್ಲಿ ಇರೋದನ್ನ ಅಪ್‌ಡೇಟ್ ಮಾಡ್ತಾ ಹೋದ್ರೆ ಅದೂ 24 ಆಗುತ್ತಾ?

ಉತ್ತರ 1:
ಆಗಲ್ಲ, ಅವೆರಡೂ ಈಗ ಬೇರೆ ಬೇರೆ ಸಾಫ್ಟ್‌ವೇರ್, ಮೂಲ ಮಾತ್ರ ಒಂದೇ. 2010ರ ಸೆಪ್ಟೆಂಬರಲ್ಲಿ ಓಪನ್‌ಆಫೀಸ್ ತಂಡದ ತುಂಬಾ ಜನ ಹೊರಗೆ ಬಂದು ಡಾಕ್ಯುಮೆಂಟ್ ಫೌಂಡೇಶನ್ ಕಟ್ಟಿ ಲಿಬ್ರೆಆಫೀಸ್ ಶುರು ಮಾಡಿದ್ರು, 2011ರ ಜನವರೀಲಿ ಎರಡು ಕಡೆಯಿಂದಲೂ 3.3 ಅನ್ನೋ ನಂಬರಲ್ಲೇ ಬಿಡುಗಡೆ ಆಯ್ತು, ಗೊಂದಲದ ಬೇರು ಅಲ್ಲೇ ಇದೆ. ಆಮೇಲೆ ಆಗಿನ ಮಾಲೀಕ ಕಂಪನಿ ಒರಾಕಲ್ ಓಪನ್‌ಆಫೀಸನ್ನ ಅಪಾಚೆ ಅನ್ನೋ ಸಾಫ್ಟ್‌ವೇರ್ ಸಂಸ್ಥೆಗೆ ಕೊಡ್ತು, 2014ರಲ್ಲಿ 4.1 ಬಂತು, ಅಲ್ಲಿಂದ ಈಚೆಗೆ ಮೂರನೇ ಅಂಕಿ ಮಾತ್ರ ಏರ್ತಾ ಬಂದಿದೆ. ಈ ಕಡೆ ಲಿಬ್ರೆಆಫೀಸ್ 4, 5, 6 ದಾಟಿ 7.6 ತನಕ ಬಂದು, 2024ರಿಂದ ವರ್ಷ ಮತ್ತು ತಿಂಗಳನ್ನೇ ನಂಬರ್ ಮಾಡ್ಕೊಂಡಿದೆ. ಹಾಗಾಗಿ 7.6 ಆದ್ಮೇಲಿನದೇ 24.2, ಮಧ್ಯೆ ಏನೂ ತಪ್ಪಿಹೋಗಿಲ್ಲ.

ಉತ್ತರ 2:
ಆ 4: ಬಗ್ಗೆ ಹೇಳ್ತೀನಿ. ಅದು ಲಿಬ್ರೆಆಫೀಸಿನವರು ಹಾಕಿದ್ದಲ್ಲ, ಡೆಬಿಯನ್ (ಉಬುಂಟುಗೆ ಮೂಲವಾದ ಲಿನಕ್ಸ್), ಉಬುಂಟು ಪ್ಯಾಕೇಜ್ ಮಾಡೋರು ಹಾಕೋದು, ಎಪಾಕ್ ಅಂತಾರೆ. ನಂಬರ್ ಕೊಡೋ ಕ್ರಮ ಎಡವಟ್ಟಾಗಿ ಹೊಸದು ಹಳೇದರ ಥರ ಕಾಣೋ ಪರಿಸ್ಥಿತಿ ಬಂದಾಗ ಮುಂದೊಂದು ಅಂಕಿ ಸೇರಿಸಿ ಸರಿ ಮಾಡ್ತಾರೆ, ಸಾಫ್ಟ್‌ವೇರ್ ಹಾಕೋ, ಅಪ್‌ಡೇಟ್ ಮಾಡೋ ಪ್ಯಾಕೇಜ್ ಮ್ಯಾನೇಜರ್ ಮೊದಲು ನೋಡೋದೇ ಅದನ್ನ. ನಿಮ್ಮ 22.04ರಲ್ಲಿ ನೋಡಿ, 1:7.3.7 ಅಂತಿರುತ್ತೆ. ಪ್ಯಾಕೇಜ್ ಮ್ಯಾನೇಜರ್ ಲೆಕ್ಕದಲ್ಲಿ 1:24.2ಕ್ಕಿಂತ 4:7.4 ಹೊಸದು! ಅದಕ್ಕೇ ಕೋಲನ್‌ಗಿಂತ (:) ಮೊದಲಿರೋ ಅಂಕಿ ಬಿಟ್ಟು ಓದಿ, ಅದಕ್ಕಿಂತ ಹೆಲ್ಪ್ ಮೆನುವಿನ ಅಬೌಟ್ ನೋಡೋದು ಒಳ್ಳೇದು. ಇನ್ನು ಉಬುಂಟು 24.04ರಲ್ಲಿ ಲಿಬ್ರೆಆಫೀಸ್ 24.2 ಇರೋದು, ಇಬ್ರೂ ವರ್ಷ, ತಿಂಗಳು ಹಿಡಿದು ನಂಬರ್ ಕೊಡ್ತಾರೆ ಅಷ್ಟೇ, ಒಂದಕ್ಕೊಂದು ಸಂಬಂಧ ಇಲ್ಲ.

ಉತ್ತರ 3:
ನಂಬರ್ ಹಾಗಿರ್ಲಿ, ನೀವು ಕನ್ನಡ ಟೈಪ್ ಮಾಡೋದ್ರಿಂದ ಇದನ್ನ ಗಮನಿಸಿ. 2017ರ 5.3ರಿಂದ ಲಿಬ್ರೆಆಫೀಸ್ ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರರಲ್ಲೂ ಅಕ್ಷರ ಜೋಡಿಸೋಕೆ ಹಾರ್ಫ್‌ಬಜ್ ಒಂದನ್ನೇ ಬಳಸುತ್ತೆ, ಒತ್ತಕ್ಷರ, ಅರ್ಕಾವತ್ತು ಎಲ್ಲ ಕಡೆ ಒಂದೇ ಥರ ಕೂರೋದು ಅದ್ರಿಂದಲೇ (ಫಾಂಟ್ ಒಂದೇ ಇರಬೇಕು). ಅಪಾಚೆ ಓಪನ್‌ಆಫೀಸ್ ಡಾಕ್ಸ್ (.docx, ಮೈಕ್ರೋಸಾಫ್ಟ್ ವರ್ಡ್‌ನ) ಫೈಲ್ ತೆರೆಯುತ್ತೆ, ಆದ್ರೆ ಡಾಕ್ಸ್ ಆಗಿ ಸೇವ್ ಮಾಡಲ್ಲ. ದಯವಿಟ್ಟು ವಿಂಡೋಸಲ್ಲೂ ಲಿಬ್ರೆಆಫೀಸನ್ನೇ ಹಾಕಿ, ಇಷ್ಟು ಕಷ್ಟಪಟ್ಟು ಮಾಡಿದ ಪಟ್ಟಿ ಕೆಡಬಾರದು. ಮೊದಲು ಫೈಲ್‌ಗಳ ಒಂದು ಕಾಪಿ ಪೆನ್‌ಡ್ರೈವಿಗೆ ಹಾಕ್ಕೊಳ್ಳಿ, ಆಮೇಲೆ ಎಲ್ಲರೂ ಲಿಬ್ರೆಆಫೀಸಿನ ಸ್ವಂತ ಫೈಲ್ ನಮೂನೆ ಓಡಿಎಫ್‌ನಲ್ಲೇ ಸೇವ್ ಮಾಡಿ.

ಪ್ರಶ್ನೆ ಕೇಳಿದವರು:
ತುಂಬಾ ಥ್ಯಾಂಕ್ಸ್, 22.04ರಲ್ಲಿ ನೋಡ್ದೆ, 1:7.3.7 ಅಂತಾನೇ ಇದೆ. ಕಾಪಿ ತಗೊಂಡು ನಾಳೆ ವಿಂಡೋಸಿಗೆ ಲಿಬ್ರೆಆಫೀಸ್ ಹಾಕ್ತೀವಿ.