ಸಹಾಯ ಬೇಕು: ಮೊದಲ ಎಲೆಕ್ಟ್ರಿಕ್ ಆರ್‌ಸಿ ಕಾರಿಗೆ ಯಾವ ಕಿಟ್ ಕೊಳ್ಳಲಿ?

ಪುಣೆಯ ಕನ್ನಡ ಬಂಧುಗಳಿಗೆ ನಮಸ್ಕಾರ. ಮಗನೊಂದಿಗೆ ಕೂತು ಕೈಯಾರೆ ಜೋಡಿಸಬಹುದಾದ ರಿಮೋಟ್ ಕಾರಿನ ಕಿಟ್ ಒಂದನ್ನು ಕೊಳ್ಳಬೇಕೆಂದಿದ್ದೇನೆ. ನಿಜವಾದ ಕಾರಿನ 1/10 ಅಳತೆಯ, ತಾಮಿಯಾ ಕಂಪನಿಯ ಟಿಟಿ-02 ಮನಸ್ಸಿನಲ್ಲಿದೆ. ನಾಲ್ಕೂ ಚಕ್ರಗಳಿಗೆ ಶಾಫ್ಟ್ (ತಿರುಗುವ ದಂಡ) ಮೂಲಕವೇ ಶಕ್ತಿ ಹೋಗುವುದರಿಂದ ಬೆಲ್ಟ್ ಬಿಗಿ ಮಾಡುವ ತಾಪತ್ರಯವಿಲ್ಲ. ಆದರೆ ಅದರ ತಳ ನೆಲಕ್ಕೆ ತೀರ ಹತ್ತಿರ, ಕೋಥರೂಡಿನ ನಮ್ಮ ಸೊಸೈಟಿಯ ಅಂಗಳದಲ್ಲೋ ಪೇವರ್ ಬ್ಲಾಕ್‌ಗಳ ನಡುವೆ ಬೆರಳು ತೂರುವಷ್ಟು ಸಂದು. ಹಾಗಿದ್ದರೆ ತಳ ಎತ್ತರವಿರುವ, ಒರಟು ನೆಲದಲ್ಲಿ ಓಡುವ ‘ಬಗ್ಗಿ’ ಕಾರೇ ವಾಸಿಯೇ?

ಟ್ರಾನ್ಸ್‌ಮಿಟರ್ (ಕೈಯಲ್ಲಿ ಹಿಡಿಯುವ ರಿಮೋಟ್), ಸರ್ವೋ (ಚಕ್ರಗಳನ್ನು ಎಡಬಲಕ್ಕೆ ತಿರುಗಿಸುವ ಪುಟ್ಟ ಮೋಟಾರ್), ಬ್ಯಾಟರಿ, ಚಾರ್ಜರ್‌ಗಳನ್ನು ಸಾಮಾನ್ಯವಾಗಿ ಬೇರೆಯಾಗಿಯೇ ಕೊಳ್ಳಬೇಕಾದ್ದರಿಂದ, ಡಬ್ಬಿಯ ಮೇಲಿನ ಬೆಲೆ ನೋಡಿ ಹಿಗ್ಗುವಂತಿಲ್ಲ. ಚಾರ್ಜ್ ಮಾಡುವಾಗ ಕಾವಲು ಬೇಡುವ 7.4 ವೋಲ್ಟಿನ ಲಿಪೋ (ಲಿಥಿಯಂ ಪಾಲಿಮರ್) ಬ್ಯಾಟರಿಗಿಂತ 7.2 ವೋಲ್ಟಿನ ನಿಕಲ್ ಬ್ಯಾಟರಿಯೇ ಹೊಸಬರಿಗೆ ಕ್ಷೇಮವೆಂದು ನನ್ನ ಎಣಿಕೆ; ಬಳಸಿದವರು ತಿದ್ದಬೇಕು. ಅಚ್ಚುಗಳು ತಿರುಗುವ ಕಡೆ ಕೂರುವ ಪ್ಲಾಸ್ಟಿಕ್ ಬುಷ್‌ಗಳ (ಬಳೆಗಳ) ಬದಲು ಮೊದಲ ಜೋಡಣೆಯಲ್ಲೇ ಬಾಲ್ ಬೇರಿಂಗ್ ಹಾಕಿಬಿಡಲೇ? ಮುರಿದ ಭಾಗಗಳು ಪುಣೆಯಲ್ಲೇ ಸಿಗುವ ಅಂಗಡಿ ಯಾವುದೆಂಬುದನ್ನೂ ದಯವಿಟ್ಟು ತಿಳಿಸಿ.